ಬೂಸಾ, ಆಸ್ಪತ್ರೆ ಮತ್ತು ಎರಡು ಲೆಕ್ಕದ ಪುಸ್ತಕ

ಬಿ. ಬಸವಲಿಂಗಪ್ಪನವರ ಹೆಸರು ಎತ್ತಿದರೆ ಸಾಕು, ಕನ್ನಡ ವಿಮರ್ಶೆಗೆ ನೆನಪಾಗುವುದು ಒಂದೇ ಪದ: ಬೂಸಾ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಆ ಮಾತಿಗೆ ರಾಜ್ಯದಲ್ಲಿ ಗಲಾಟೆಯೆದ್ದಿತು, ದಲಿತ ಹುಡುಗರು ಏಟು ತಿಂದರು, ಅವರ ಮಂತ್ರಿ ಪದವಿ ಹೋಯಿತು. ದಲಿತ ಚಳವಳಿಗೆ ಅಲ್ಲಿಂದ ಕಿಡಿ ಹತ್ತಿತು ಅಂತ ನಾವೆಲ್ಲ ಬರೆದಿದ್ದೇವೆ, ಈಗಲೂ ಬರೆಯುತ್ತಿದ್ದೇವೆ. ತಪ್ಪೇನೂ ಅಲ್ಲ. ಆದರೆ ಅದೇ ಮನುಷ್ಯ ಏಳೆಂಟು ವರ್ಷದ ಮೇಲೆ ಏನು ಮಾಡಿದರು ಅನ್ನುವುದು ನಮ್ಮ ಯಾವ ವಿಮರ್ಶೆಯ ಪುಟಕ್ಕೂ ಬಂದಂತಿಲ್ಲ. 1980-81ರಲ್ಲಿ ಬೆಂಗಳೂರಿನ ಉತ್ತರಕ್ಕೆ, ಕಾಡುಗೊಂಡನಹಳ್ಳಿಯಲ್ಲಿ, ಆನಂದ ಸಾಮಾಜಿಕ ಮತ್ತು ಶೈಕ್ಷಣಿಕ ಟ್ರಸ್ಟಿನಿಂದ ಒಂದು ಮೆಡಿಕಲ್ ಕಾಲೇಜು ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜು. ಅದರ ಹಿಂದೆ ನಿಂತವರು ಈ ಬೂಸಾ ಬಸವಲಿಂಗಪ್ಪನವರೇ.

ಸಾಹಿತ್ಯವನ್ನು ಬೂಸಾ ಅಂದವನು ಆಸ್ಪತ್ರೆ ಕಟ್ಟಿದ. ಇದನ್ನು ಒಂದು ವಿಮರ್ಶೆಯ ಮುಂದಿನ ಅಧ್ಯಾಯ ಅಂತ ಓದಬಹುದಲ್ಲವೆ? ನಾವು ಓದಲಿಲ್ಲ. ಯಾಕೆಂದರೆ ದಲಿತ ವಿಮರ್ಶೆ ಎಂದರೆ ಕಾವ್ಯ, ಕಥೆ, ಆತ್ಮಕಥೆ ಅಂತ ನಾವೇ ಬೇಲಿ ಹಾಕಿಕೊಂಡಿದ್ದೇವೆ. ಸರ್ಕಾರದ ಆದೇಶ, ಕೋರ್ಟಿನ ತೀರ್ಪು, ಬಜೆಟ್ ಪುಸ್ತಕ ಇವುಗಳೂ ಪಠ್ಯಗಳೇ. ಅವುಗಳಲ್ಲೂ ಕೇರಿಯ ಚಿತ್ರವಿದೆ, ಪಾತ್ರಗಳಿವೆ, ಯಾರು ಕರ್ತೃ ಯಾರು ಕರ್ಮ ಎಂಬ ವ್ಯಾಕರಣವಿದೆ.

ಇವತ್ತಿನ ಬಜೆಟ್ ಪುಸ್ತಕ ತೆಗೆದು ನೋಡಿ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ ಲೆಕ್ಕಶೀರ್ಷಿಕೆ 2210. ವೈದ್ಯಕೀಯ ಶಿಕ್ಷಣ, ತರಬೇತಿ, ಸಂಶೋಧನೆ ಅದರೊಳಗೇ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಕಲ್ಯಾಣಕ್ಕೆ 2225. ಒಬ್ಬ ದಲಿತ ಹುಡುಗ ಡಾಕ್ಟರಾಗಲು ಪಡೆಯುವ ವಿದ್ಯಾರ್ಥಿವೇತನ 2225ರಲ್ಲಿದೆ. ಅಂದರೆ ಅವನ ಓದು 'ಕಲ್ಯಾಣ'. ಅವನ ಪಕ್ಕದ ಬೆಂಚಿನವನ ಓದಿಗೆ ಸರ್ಕಾರ ಸುರಿಯುವ ದುಡ್ಡು 2210ರಲ್ಲಿ 'ತರಬೇತಿ'. ಕಾಲೇಜಿನ ಕಟ್ಟಡ, ಪ್ರಾಧ್ಯಾಪಕರ ಸಂಬಳ, ಹಾಸಿಗೆ, ಯಂತ್ರ ಎಲ್ಲದರಲ್ಲೂ ಆ ದಲಿತ ಹುಡುಗನಿಗೂ ಪಾಲಿದೆ, ನಿಜ. ಆದರೆ ಅವನ ಜಾತಿಯ ಹೆಸರು ಬರೆದಿರುವುದು ಒಂದೇ ಕಡೆ, ಕಲ್ಯಾಣದ ಪುಸ್ತಕದಲ್ಲಿ. ಇನ್ನೊಂದು ಪುಸ್ತಕಕ್ಕೆ ಜಾತಿಯೇ ಇಲ್ಲ. ಅದು 'ಎಲ್ಲರದು'. ಬಡವರಿಗಾಗಿ ಡಾಕ್ಟರುಗಳನ್ನು ತಯಾರು ಮಾಡುವ ದುಡ್ಡು ಒಂದು ಕಡೆ, ಬಡವರ ಮಕ್ಕಳನ್ನು ಡಾಕ್ಟರು ಮಾಡುವ ದುಡ್ಡು ಇನ್ನೊಂದು ಕಡೆ. ಈ ಎರಡು ಯಾಕೆ ಒಂದಾಗಲಿಲ್ಲ ಎಂಬುದೇ ನನ್ನ ಪ್ರಶ್ನೆ. ಇದಕ್ಕೊಂದು ಚರಿತ್ರೆ ಇದೆ.

ಆ ಚರಿತ್ರೆ ಬೆಂಗಳೂರಿನಲ್ಲೇ ಒಂದು ವಿಚಿತ್ರ ಅಪವಾದದಿಂದ ಶುರುವಾಗುತ್ತದೆ. ತಿರುವಾಂಕೂರಿನ ಈಳವರ ಹುಡುಗ ಪದ್ಮನಾಭನ್ ಪಲ್ಪು. ಜಾತಿಯ ಕಾರಣಕ್ಕೆ ಅಲ್ಲಿ ವೈದ್ಯಕೀಯ ಓದಲು ಬಿಡಲಿಲ್ಲ. ಮದರಾಸಿಗೆ ಹೋಗಿ ಓದಿ ಬಂದರೆ ಕೆಲಸ ಕೊಡಲಿಲ್ಲ. ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆಯ ಕೆಲಸ ಮಾಡಿದರು, 1898ರ ಪ್ಲೇಗಿನಲ್ಲಿ ದೊಡ್ಡ ದೊಡ್ಡವರೆಲ್ಲ ಊರು ಬಿಟ್ಟು ಓಡುವಾಗ ಪ್ಲೇಗಿನ ಕ್ಯಾಂಪುಗಳಲ್ಲಿ ನಿಂತರು. ಅವರನ್ನು ಹೆಚ್ಚಿನ ಓದಿಗೆ ಇಂಗ್ಲೆಂಡಿಗೂ ಕಳಿಸಿದ್ದು ಮೈಸೂರು ಸರ್ಕಾರವೇ. ಇದನ್ನು ನಮ್ಮ ಸಂಸ್ಥಾನದ ಔದಾರ್ಯ ಅಂತ ಹಾಡಿ ಹೊಗಳುವವರಿದ್ದಾರೆ. ಸ್ವಲ್ಪ ತಡೆಯಿರಿ. ಪಲ್ಪು ಹೊರಗಿನವರು. ಅವರ ಜಾತಿ ಇಲ್ಲಿನ ಅಗ್ರಹಾರಕ್ಕೂ ಊರಗೌಡನಿಗೂ ಗೊತ್ತಿಲ್ಲದ ಜಾತಿ. ಅವರ ಊರಲ್ಲಿ ಅವರು ಮುಟ್ಟಬಾರದವರು, ಇಲ್ಲಿ ಅವರು 'ಮದರಾಸಿನಲ್ಲಿ ಓದಿದ ಡಾಕ್ಟರು'. ಅದೇ ಕಾಲದಲ್ಲಿ ಮೈಸೂರಿನ ಹೊಲೆಯ ಮಾದಿಗರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲೇ ಸರಿಯಾಗಿ ತೆರೆದಿರಲಿಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರಿಗೆಲ್ಲ ದಾರಿ ಮಾಡಿಕೊಟ್ಟಿತು. ಆದರೆ ಆ 'ಎಲ್ಲ' ಅನ್ನುವ ಪದದಲ್ಲಿ ಮುಂದೆ ಕೂತವರು ಯಾರು, ಹೊಸಲಿನಾಚೆ ನಿಂತವರು ಯಾರು ಅನ್ನುವುದು ಗೊತ್ತಿದ್ದದ್ದೇ. 1924ರಲ್ಲಿ ಮೈಸೂರು ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಪಂಚಮರ ಶಾಲೆಯಿಂದ ಆ ಕಾಲೇಜಿಗೆ ಇದ್ದ ದೂರವನ್ನು ಮೈಲಿಯಲ್ಲಿ ಅಳೆಯಲು ಬರುವುದಿಲ್ಲ.

ಡಾಕ್ಟರು ಮತ್ತು ಅಸ್ಪೃಶ್ಯತೆ ಎದುರಾಬದುರಾ ನಿಂತ ಒಂದು ಘಟನೆಯನ್ನು ಅಂಬೇಡ್ಕರ್ ಬರೆದಿಟ್ಟಿದ್ದಾರೆ. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಒಂದು ಪತ್ರ ಅದರ ಮೂಲ. ಕಾಠಿಯಾವಾಡದ ಒಂದು ಹಳ್ಳಿ. ಅಸ್ಪೃಶ್ಯ ಮೇಷ್ಟ್ರೊಬ್ಬರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾಳೆ. ಡಾಕ್ಟರು ಬರುವುದಕ್ಕೇ ಒಪ್ಪುವುದಿಲ್ಲ. ಎರಡು ರೂಪಾಯಿ ಫೀಜು, ದೊಡ್ಡವರ ಶಿಫಾರಸು ಎಲ್ಲ ಆದ ಮೇಲೆ ಬರುತ್ತಾನೆ. ಬಂದವನು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಡುತ್ತಾನೆ, ಅವರು ಗಂಡನಿಗೆ, ಗಂಡ ಹೆಂಡತಿಗೆ. ವಾಪಸು ಬರುವುದೂ ಅದೇ ದಾರಿಯಲ್ಲಿ. ದೂರದಲ್ಲಿ ನಿಂತು ನ್ಯುಮೋನಿಯಾ ಅಂತ ಹೇಳಿ ಹೋಗುತ್ತಾನೆ. ಆ ಹೆಂಗಸು ಸತ್ತಳು. ಆ ಡಾಕ್ಟರಿಗೆ ಓದು ಕಮ್ಮಿ ಇರಲಿಲ್ಲ, ಥರ್ಮಾಮೀಟರು ಇತ್ತು, ಹಳ್ಳಿಗೂ ಬಂದಿದ್ದ. ಈಗಿನ ಭಾಷೆಯಲ್ಲಿ ಹೇಳುವುದಾದರೆ 'ಸೇವೆ ತಲುಪಿತ್ತು'. ತಲುಪದೆ ಉಳಿದದ್ದು ಕೈ.

ಈ ಘಟನೆ ಬರೆದಿಟ್ಟವರೇ 1942ರ ಅಕ್ಟೋಬರಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋಗೆ ಒಂದು ಮನವಿಪತ್ರ ಕೊಟ್ಟರು. ಅದರ ಒಂದು ಭಾಗ ಪರಿಶಿಷ್ಟರ ಉನ್ನತ ಶಿಕ್ಷಣದ್ದು. ಅದನ್ನು ಈವತ್ತು ಓದುವವನಿಗೆ ಆಶ್ಚರ್ಯವಾಗುವುದು ಅವರ ಒತ್ತು ಎಲ್ಲಿದೆ ಎಂಬುದಕ್ಕೆ. ಕಲೆ, ಕಾನೂನು ಓದುವುದು ಹೇಗೋ ಆದೀತು. ವಿಜ್ಞಾನ ಮತ್ತು ತಂತ್ರಜ್ಞಾನದ ಓದು ನಮ್ಮವರ ಕೈಗೆಟುಕದ ದುಬಾರಿಯದು, ಅದಕ್ಕೆ ಸರ್ಕಾರ ದುಡ್ಡು ಕೊಡಬೇಕು ಎನ್ನುವುದು ಅವರ ವಾದ. ಇದರ ಫಲವಾಗಿ ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ವಿದ್ಯಾರ್ಥಿವೇತನ ಶುರುವಾಯಿತು. ನಮ್ಮ ಹಾಸ್ಟೆಲು ಹುಡುಗರು ಇವತ್ತು 'ಪೋಸ್ಟ್ ಮೆಟ್ರಿಕ್' ಅಂತ ಕರೆಯುವುದು ಇದನ್ನೇ. ಗಮನಿಸಿ, ಭಾರತ ಸರ್ಕಾರದಲ್ಲಿ ಆಗ ಶಿಕ್ಷಣ, ಆರೋಗ್ಯ, ಭೂಮಿ ಮೂರೂ ಒಂದೇ ಇಲಾಖೆ. 1945ರಲ್ಲಿ ಅದು ಒಡೆದು ಬೇರೆಬೇರೆಯಾಯಿತು. ಮುಂದೆ ವಿದ್ಯಾರ್ಥಿವೇತನ ಕಲ್ಯಾಣದ ಕಡೆ ಸರಿಯಿತು, ಆಸ್ಪತ್ರೆ ಆರೋಗ್ಯದ ಕಡೆ ಉಳಿಯಿತು. ಅಂಬೇಡ್ಕರ್ ಕೇಳಿದ್ದು ಅಧಿಕಾರದ ಜಾಗಕ್ಕೆ ಹೋಗುವ ಏಣಿಯನ್ನು. ಅದು ಕಾಲಕ್ರಮದಲ್ಲಿ ಫಲಾನುಭವಿಗೆ ಕೊಡುವ ಸಹಾಯಧನವಾಯಿತು. 'ಫಲಾನುಭವಿ' ಎಂಬ ಪದವನ್ನು ಕಂಡುಹಿಡಿದ ಗುಮಾಸ್ತ ಯಾರೋ, ಅವನಿಗೆ ನಮ್ಮ ನವ್ಯ ಕವಿಗಳಿಗಿಂತ ದೊಡ್ಡ ಪ್ರತಿಭೆ.

ಸ್ವಾತಂತ್ರ್ಯ ಬಂದ ಮೇಲೆ ಜಗಳವೆಲ್ಲ ಮೆಡಿಕಲ್ ಕಾಲೇಜಿನ ಗೇಟಿನಲ್ಲೇ ನಡೆಯಿತು. ಮೀಸಲಾತಿಯ ಸಂವಿಧಾನ ಚರಿತ್ರೆಯನ್ನು ಬೇಕಾದರೆ ಆ ಗೇಟಿನ ಚರಿತ್ರೆ ಅಂತಲೇ ಬರೆಯಬಹುದು. ಮದರಾಸಿನ ಕೋಮುವಾರು ಆದೇಶದಲ್ಲಿ ಪ್ರತಿ 14 ಸೀಟಿಗೆ ಹರಿಜನರಿಗೆ 2. ದಕ್ಷಿಣ ಕನ್ನಡ, ಬಳ್ಳಾರಿಯ ಹುಡುಗರೂ ಆಗ ಮದರಾಸಿನ ಲೆಕ್ಕಕ್ಕೇ ಸೇರಿದವರು. ಚಂಪಕಂ ದೊರೈರಾಜನ್ ಎಂಬ ಬ್ರಾಹ್ಮಣ ಮಹಿಳೆ ಮೆಡಿಕಲ್ ಸೀಟು ಸಿಗುವುದಿಲ್ಲವೆಂದು ಕೋರ್ಟಿಗೆ ಹೋದರು. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಆದರೂ 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಅದನ್ನು ಸರಿಪಡಿಸಲು ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15(4)ನೇ ವಿಧಿ ಹುಟ್ಟಿತು.

ಎರಡನೆಯದು ನಮ್ಮದೇ. 1962ರ ಜುಲೈ 31ರಂದು ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟಿತು. ಹಿಂದುಳಿದವರಿಗೆ ಎರಡು ಭಾಗ ಮಾಡಿ 50, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಎರಡು ತಿಂಗಳೊಳಗೆ, ಸೆಪ್ಟೆಂಬರ್ 28ಕ್ಕೆ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಅದು ಬಿತ್ತು. ಒಟ್ಟು ಮೀಸಲಾತಿ ಅರ್ಧಕ್ಕಿಂತ ಕೆಳಗಿರಬೇಕು ಅನ್ನುವ ಮಾತು ಅಲ್ಲಿಂದಲೇ ಬಂದದ್ದು. ಅರ್ಹರನ್ನು ಹೊರಗಿಟ್ಟರೆ ದೇಶದ ಹಿತ ಕೆಡುತ್ತದೆ ಎಂಬುದು ಕೋರ್ಟಿನ ಆತಂಕ. ಆತಂಕ ಇರಲಿ. ಆದರೆ ಡಾಕ್ಟರು ಯಾರಿಗಾಗಿ, ಅವನು ಯಾರ ಮೈ ಮುಟ್ಟಬೇಕಾದವನು, ರೋಗಿ ಯಾವ ಕೇರಿಯವನು ಎಂಬುದು ಆ ವಾದವಿವಾದದ ಕೇಂದ್ರಕ್ಕೆ ಬರಲೇ ಇಲ್ಲ. ಸೀಟು ಅಲ್ಲಿ ಆಸ್ತಿಯ ಹಾಗೆ ಕಾಣುತ್ತದೆ, ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ. ಅಂದ ಹಾಗೆ, ಆ 15 ಮತ್ತು 3 ಕರ್ನಾಟಕದಲ್ಲಿ 17 ಮತ್ತು 7 ಆಗುವ ಕಾಯ್ದೆ ಬಂದದ್ದು 2022ರಲ್ಲಿ, ಅರವತ್ತು ವರ್ಷದ ಮೇಲೆ.

ರೋಗಿಯ ಮಾತು ಬೇರೆ ಕಡೆ ನಡೆಯುತ್ತಿತ್ತು. 1946ರ ಭೋರ್ ಸಮಿತಿಯ ವರದಿಯನ್ನು ನಮ್ಮ ಸಾರ್ವಜನಿಕ ಆರೋಗ್ಯದ ವೇದ ಅಂತ ಹೇಳುತ್ತಾರೆ. ಜನರ ನಡುವೆ ಬದುಕುವ ಸಾಮಾಜಿಕ ವೈದ್ಯ ಬೇಕು ಎಂದು ಹೇಳಿದ ವರದಿಯೇ, ಕಮ್ಮಿ ವರ್ಷದ, ಕಮ್ಮಿ ಖರ್ಚಿನ ಎಲ್.ಎಂ.ಪಿ. ಓದನ್ನು ನಿಲ್ಲಿಸಿ ಒಂದೇ ದರ್ಜೆಯ ಪದವಿ ಸಾಕು ಎಂದಿತು. ಕೆಲವು ಸದಸ್ಯರು ಇದಕ್ಕೆ ಒಪ್ಪದೆ ಭಿನ್ನಮತ ಬರೆದರು, ಕೇಳಿದವರಿಲ್ಲ. ಕೆಳಗಿನ ಮೆಟ್ಟಿಲನ್ನು ತೆಗೆದ ಮೇಲೆ ಹತ್ತುವವರು ಯಾರು? ಮನೆಯಲ್ಲಿ ಮೊದಲೇ ಏಣಿ ಇದ್ದವರು. ಗುಣಮಟ್ಟದ ಹೆಸರಿನಲ್ಲಿ ಆಗುವ ಇಂಥ ಸುಧಾರಣೆಗಳನ್ನು ನಾವು ಜಾತಿಯ ಕಣ್ಣಿನಿಂದ ಇನ್ನೂ ಓದಬೇಕಾಗಿದೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಹೆಬ್ಬಾಳದ ಕಡೆ ಬಸ್ಸಿನಲ್ಲಿ ಹೋಗುವಾಗ ನಾವೆಲ್ಲ ನೋಡಿರುವ ಬೋರ್ಡು. 1959ರಲ್ಲಿ ಹುಟ್ಟಿದ್ದು, ದೇಶದ ಜಿಲ್ಲೆ ಜಿಲ್ಲೆಯ ಕ್ಷಯರೋಗ ತಂಡಗಳಿಗೆ ತರಬೇತಿ ಕೊಡುವ ಜಾಗ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ತುಮಕೂರು ಜಿಲ್ಲೆಯ ಹಳ್ಳಿಗಳದ್ದು. ಹಳ್ಳಿಯವರು ಅಜ್ಞಾನಿಗಳು, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ, ದೇವರು ದಿಂಡರ ಹತ್ತಿರ ಹೋಗುತ್ತಾರೆ ಅನ್ನುವುದು ಆವತ್ತಿನ, ಇವತ್ತಿನ ಪಟ್ಟಣದ ನಂಬಿಕೆ. ಇವರು ಮನೆ ಮನೆಗೆ ಹೋಗಿ ಕೇಳಿದರೆ ಕಂಡದ್ದು ಬೇರೆ: ಕ್ಷಯ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲಿ ಹೆಚ್ಚಿನವರಿಗೆ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಬಂದ ರೋಗಿಯನ್ನು ಡಾಕ್ಟರು ನೋಡಲಿಲ್ಲ. ಕುರುಡು ಇದ್ದದ್ದು ಕೊಠಡಿಯ ಒಳಗೆ, ಹೊರಗಿನ ಸಾಲಿನಲ್ಲಲ್ಲ. ನನ್ನ ಮಟ್ಟಿಗೆ ಇದು ಕನ್ನಡ ನಾಡಿನ ಬಗ್ಗೆ ಬಂದಿರುವ ಬಹು ಮುಖ್ಯವಾದ ವಿಮರ್ಶೆಗಳಲ್ಲಿ ಒಂದು. ಇದು ಜಾತಿಯನ್ನು ಹೆಸರಿಸುವುದಿಲ್ಲ, ಅದರ ಮಿತಿ ಅಷ್ಟೆ.

ಡಾಕ್ಟರಿಗೆ ಕಣ್ಣು ಕೊಡಿಸುವ ಯೋಜನೆಗಳು ಬಂದವು. 1975ರ ಶ್ರೀವಾಸ್ತವ ಸಮಿತಿಯ ನಂತರ 1977ರಲ್ಲಿ ಕೇಂದ್ರ ಸರ್ಕಾರ ವೈದ್ಯ ಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ ಒಂದು ಯೋಜನೆ ಮಾಡಿತು. ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಅದನ್ನು 'ರೋಮ್' ಅಂತ ಕರೆಯುತ್ತಿದ್ದರು. ಮೆಡಿಕಲ್ ಕಾಲೇಜುಗಳು ಹಳ್ಳಿಗಾಡಿನ ಬ್ಲಾಕುಗಳನ್ನು ದತ್ತು ತೆಗೆದುಕೊಳ್ಳಬೇಕು, ವಿದ್ಯಾರ್ಥಿಗಳು ಅಲ್ಲಿ ಹೋಗಿ ಕಲಿಯಬೇಕು, ಅದಕ್ಕೆ ಸಂಚಾರಿ ಆಸ್ಪತ್ರೆಯ ವ್ಯಾನುಗಳು. ಬ್ರಿಟನ್ನಿನಿಂದ ಬಂದ ಆ ವ್ಯಾನುಗಳು ಎಷ್ಟು ದೊಡ್ಡವೆಂದರೆ ಹಳ್ಳಿಯ ರಸ್ತೆಗೆ ಹಿಡಿಸುವಂತಿರಲಿಲ್ಲ. ವ್ಯಾನೇ ಹೋಗದ ದಾರಿಯ ಕೊನೆಗಲ್ಲವೆ ಕೇರಿ ಇರುವುದು?

ಅದೇ 1977ರ ಅಕ್ಟೋಬರ್ 2ಕ್ಕೆ ಇನ್ನೊಂದು ಯೋಜನೆ: ಹಳ್ಳಿಯವರನ್ನೇ ಆರಿಸಿ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡುವುದು. ಮೂರು ತಿಂಗಳ ತರಬೇತಿ, ತರಬೇತಿಯಲ್ಲಿ ತಿಂಗಳಿಗೆ 200 ರೂಪಾಯಿ, ಆಮೇಲೆ ತಿಂಗಳಿಗೆ 50. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಹಳ್ಳಿಯನ್ನು ನೋಡಿ ಬರಲು ಪಟ್ಟಣದ ಹುಡುಗನಿಗೆ ವಿಲಾಯತಿ ವ್ಯಾನು. ಹಳ್ಳಿಯಲ್ಲೇ ಹುಟ್ಟಿದವನಿಗೆ 50 ರೂಪಾಯಿ. ಹಳ್ಳಿಯವನನ್ನು ಡಾಕ್ಟರು ಮಾಡುವ ಯೋಚನೆ ಎರಡರಲ್ಲೂ ಇಲ್ಲ. ಇನ್ನು ತಲೆತಲಾಂತರದಿಂದ ಹೊಕ್ಕುಳಬಳ್ಳಿ ಕೊಯ್ದ ನಮ್ಮ ಸೂಲಗಿತ್ತಿಯರ ಕಸುಬು ಯಾವ ಲೆಕ್ಕದಲ್ಲೂ 'ಓದು' ಅನ್ನಿಸಿಕೊಳ್ಳಲಿಲ್ಲ. ಅವರಿಗೆ ಕೊಟ್ಟದ್ದು ಒಂದು ಪೆಟ್ಟಿಗೆ, ಒಂದು ಚೂರು ತರಬೇತಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ನಾವೆಲ್ಲ ಚಪ್ಪಾಳೆ ಹೊಡೆದೆವು.

1978-79ರಲ್ಲಿ ಬಂದದ್ದು ಬುಕ್ ಬ್ಯಾಂಕು. ಮೆಡಿಕಲ್, ಎಂಜಿನಿಯರಿಂಗ್ ಓದುವ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಕೊಡುವ ಯೋಜನೆ. ಮುಂದೆ ಅದರ ನಿಯಮ ಇಬ್ಬರಿಗೆ ಒಂದು ಸೆಟ್ ಎಂದು ನಿಂತಿತು. ಅನಾಟಮಿ ಪುಸ್ತಕ ಇಬ್ಬರಿಗೆ ಒಂದು, ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ ದಿನ. ಹಂಗಂತ ಅದನ್ನು ನಾನು ಹಗುರ ಮಾಡುತ್ತಿಲ್ಲ. ಅರ್ಧ ಪುಸ್ತಕದಲ್ಲಿ ಓದಿ ಡಾಕ್ಟರಾದವರು ನಮ್ಮಲ್ಲಿದ್ದಾರೆ. ಆದರೆ ಈ ಅರ್ಧವೂ ಬಂದದ್ದು ಕಲ್ಯಾಣದ ಪುಸ್ತಕದಿಂದಲೇ, ವೈದ್ಯ ಶಿಕ್ಷಣದ ಪುಸ್ತಕದಿಂದಲ್ಲ.

ಅನಾಟಮಿ ಎಂದಾಗ ಇನ್ನೊಂದು ವಿಷಯ ಹೇಳಿಬಿಡಬೇಕು. ವೈದ್ಯ ಶಿಕ್ಷಣಕ್ಕೆ ಅನುದಾನ ಕೊಡುವುದು ಸರ್ಕಾರ ಒಂದೇ ಅಲ್ಲ. 1957ರ ಅನಾಟಮಿ ಕಾಯ್ದೆಯಂತೆ ವಾರಸುದಾರರಿಲ್ಲದ ಹೆಣಗಳು ಮೆಡಿಕಲ್ ಕಾಲೇಜಿನ ಮೇಜಿಗೆ ಹೋಗಬಹುದು. ವಾರಸುದಾರರಿಲ್ಲದೆ ಆಸ್ಪತ್ರೆಯಲ್ಲಿ ಸಾಯುವವರು ಯಾರು? ಹೆಣ ಬಿಡಿಸಿಕೊಂಡು ಹೋಗಲು ದುಡ್ಡಿಲ್ಲದವರು, ಊರು ಬಿಟ್ಟು ಬಂದವರು, ಫುಟ್‌ಪಾತಿನವರು. ಬದುಕಿರುವಾಗ ಜನರಲ್ ವಾರ್ಡಿನ ಹಾಸಿಗೆಯಲ್ಲಿ ಮಲಗಿ ಹತ್ತು ಹುಡುಗರಿಗೆ ಹೊಟ್ಟೆ ಒತ್ತಿಸಿಕೊಳ್ಳುವವರೂ ಅವರೇ. ಬದುಕಿದ್ದಾಗ ಮುಟ್ಟಿಸಿಕೊಳ್ಳದ ಮೈ ಸತ್ತ ಮೇಲೆ ಎಲ್ಲ ಜಾತಿಯ ಕೈಗೂ ಪಠ್ಯವಾಗುತ್ತದೆ. ಈ ಅನುದಾನಕ್ಕೆ ಲೆಕ್ಕಶೀರ್ಷಿಕೆ ಇಲ್ಲ.

*

ಈಗ ಕಾಡುಗೊಂಡನಹಳ್ಳಿಗೆ ಬರೋಣ. ಬಸವಲಿಂಗಪ್ಪ ಯಲಹಂಕ ಮೀಸಲು ಕ್ಷೇತ್ರದಿಂದ ಆರಿಸಿ ಬರುತ್ತಿದ್ದವರು. 2008ರಲ್ಲಿ ಸಾಮಾನ್ಯ ಕ್ಷೇತ್ರವಾಗುವ ತನಕ ಯಲಹಂಕ ಪರಿಶಿಷ್ಟರಿಗೆ ಮೀಸಲಾಗಿತ್ತು. ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟವರು ಅವರು. ಅದು ಸಾರ್ವಜನಿಕ ಆರೋಗ್ಯದ ಕೆಲಸವೂ ಹೌದು. ಊರಿನ ಆರೋಗ್ಯ ಅಂದರೆ ಊರಿನ ಕೊಳೆಯನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆ ಅಂತ ಅವರಿಗೆ ಗೊತ್ತಿತ್ತು. ಬೂಸಾ ಮಾತು, ಮಲದ ಬುಟ್ಟಿ, ಮೆಡಿಕಲ್ ಕಾಲೇಜು ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟರೆ ಒಂದು ವಿಚಾರ ಕಾಣುತ್ತದೆ.

1980ರ ಹೊತ್ತಿಗೆ ಉತ್ತರ ಬೆಂಗಳೂರು ಹೇಗಿತ್ತು? ಹೆಬ್ಬಾಳದಲ್ಲಿ ಸರ್ಕಾರದ ಕೃಷಿ ಕಾಲೇಜು, 1958ರಿಂದ ಪಶುವೈದ್ಯ ಕಾಲೇಜು. ಬೂಸಾ ತಿನ್ನುವ ದನಗಳ ಡಾಕ್ಟರಿಗೆ ಇಲ್ಲಿ ಸರ್ಕಾರಿ ಕಾಲೇಜು ಇತ್ತು. ಮನುಷ್ಯರ ಡಾಕ್ಟರಿಗೆ ಇಡೀ ಬೆಂಗಳೂರಿನಲ್ಲಿ ಇದ್ದ ಸರ್ಕಾರಿ ಕಾಲೇಜು 1955ರದ್ದು, ಕೋಟೆಯ ಹತ್ತಿರದ್ದು. ಈ ಕಡೆ 1979ರಲ್ಲಿ ಎಂ.ಎಸ್. ರಾಮಯ್ಯ ಕಾಲೇಜು ಬಂತು, ಖಾಸಗಿ. ಮರುವರ್ಷ ಒಕ್ಕಲಿಗರ ಸಂಘದ ಕೆಂಪೇಗೌಡ ಸಂಸ್ಥೆ. ಲಿಂಗಾಯತ ಸಂಸ್ಥೆಗಳಿಗೆ ಬೆಳಗಾವಿಯಲ್ಲಿ, ದಾವಣಗೆರೆಯಲ್ಲಿ ಅರುವತ್ತರ ದಶಕದಿಂದಲೇ ಕಾಲೇಜಿದ್ದವು. ಮಣಿಪಾಲದ ಕಥೆ 1953ರದ್ದು. ಕರ್ನಾಟಕದಲ್ಲಿ ಮೆಡಿಕಲ್ ಕಾಲೇಜು ಎಂದರೆ ಜಾತಿಯೊಂದು ತನ್ನ ತಲೆ ಎತ್ತಿ ನಿಲ್ಲುವ ಗೋಪುರ. ಆ ಸಾಲಿನಲ್ಲಿ ಟ್ಯಾನರಿ ರಸ್ತೆಯ ಆಚೆ, ಆರ್.ಟಿ. ನಗರದ ಈಚೆ, ಮುಸಲ್ಮಾನರು, ದಲಿತರು, ತಮಿಳು ಕೂಲಿಗಳು ಒತ್ತೊತ್ತಾಗಿ ಬದುಕುವ ಜಾಗದಲ್ಲಿ ಅಂಬೇಡ್ಕರ್ ಹೆಸರಿನ ಕಾಲೇಜು ನಿಂತದ್ದು ಸಣ್ಣ ಮಾತಲ್ಲ. ರೋಗಿಯ ಪುಸ್ತಕ, ವಿದ್ಯಾರ್ಥಿಯ ಪುಸ್ತಕ ಎರಡನ್ನೂ ಒಂದು ಕಡೆ ಹೊಲಿಯುವ ಪ್ರಯತ್ನ ಅದು ಅಂತ ನಾನು ಓದುತ್ತೇನೆ. ಕೇರಿಯ ಪಕ್ಕದಲ್ಲೇ ಆಸ್ಪತ್ರೆ, ಕೇರಿಯ ಹುಡುಗನೇ ಡಾಕ್ಟರು.

ಆದರೆ ಹೊಲಿಯುವ ದಾರಕ್ಕೆ ದುಡ್ಡು ಬೇಕಲ್ಲ. ಸರ್ಕಾರಿ ಕಾಲೇಜಿಗೆ ಸಿಗುವ 2210ರ ದುಡ್ಡು ಖಾಸಗಿ ಟ್ರಸ್ಟಿಗಿಲ್ಲ. ಮಠಗಳಿಗೆ ಭೂಮಿ, ಭಕ್ತರು. ಜಾತಿ ಸಂಘಗಳಿಗೆ ಜಮೀನ್ದಾರರು, ಕಂಟ್ರಾಕ್ಟರುಗಳು. ದಲಿತರ ಟ್ರಸ್ಟಿಗೆ ಯಾರು? ಉಳಿದ ದಾರಿ ಎಂದರೆ ಸೀಟಿನ ಫೀಜು. 1984ರಲ್ಲಿ ಕ್ಯಾಪಿಟೇಷನ್ ನಿಷೇಧದ ಕಾಯ್ದೆ ಬಂತು. ಅದರ ಕೆಳಗೆ 1989ರ ಜೂನ್ 5ರಂದು ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಫೀಜು ಗೊತ್ತು ಮಾಡಿದರು: ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಅಂದರೆ 60,000 ಕೊಟ್ಟು ಬರುವವನಿಲ್ಲದೆ 2,000ದವನಿಗೆ ಜಾಗವಿಲ್ಲ. ಕೇರಿಯ ಹುಡುಗನ ಓದಿಗೆ ಅನುದಾನ ಕೊಡುವವನು ಉತ್ತರ ಹಿಂದೂಸ್ಥಾನದ ಸಾಹುಕಾರನ ಮಗ! ಇದಕ್ಕಿಂತ ಕಹಿಯಾದ ತಮಾಷೆ ಇನ್ನೊಂದಿಲ್ಲ.

ಗೇಟಿನ ಮೂರನೆಯ ಜಗಳ ಇಲ್ಲೇ. ಮೀರತ್ತಿನ ಮೋಹಿನಿ ಜೈನ್ 60,000 ಕೊಡಲಾಗದೆ ಸುಪ್ರೀಂ ಕೋರ್ಟಿಗೆ ಹೋದರು. ಅವರು ಸೀಟು ಕೇಳಿದ್ದು ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜಿನಲ್ಲಿ, ಎಚ್.ಎಂ. ಗಂಗಾಧರಯ್ಯನವರು ಕಟ್ಟಿದ ಸಂಸ್ಥೆಯ ಕಾಲೇಜು, ಅದೂ ದಲಿತರೇ ಕಟ್ಟಿದ್ದು. 1992ರ ಜುಲೈ 30ರ ತೀರ್ಪು ಶಿಕ್ಷಣವನ್ನು ಬದುಕುವ ಹಕ್ಕಿನ ಭಾಗ ಎಂದಿತು, 2,000ಕ್ಕಿಂತ ಹೆಚ್ಚಿನದೆಲ್ಲ ಕ್ಯಾಪಿಟೇಷನ್ ಎಂದಿತು. ಒಳ್ಳೆಯ ತೀರ್ಪು, ನಾವೆಲ್ಲ ಪಾಠ ಮಾಡುವ ತೀರ್ಪು. ಶಿಕ್ಷಣ ಮಾರುವುದು ತಪ್ಪು ಎಂಬ ಮಹಾ ಸತ್ಯವನ್ನು ಈ ದೇಶದ ಕೋರ್ಟು ಕಂಡುಕೊಂಡಾಗ ಪ್ರತಿವಾದಿಯ ಜಾಗದಲ್ಲಿ ನಿಂತಿದ್ದದ್ದು ಮಾತ್ರ ಬುದ್ಧನ ಹೆಸರಿನ ಕಾಲೇಜು. ಇದರಲ್ಲಿ ಯಾರ ಪಿತೂರಿಯೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪಿನಲ್ಲಿ ಪಾವತಿ ಸೀಟುಗಳು ವಾಪಸು ಬಂದವು, 1994ರಲ್ಲಿ ಸಿಇಟಿ ಬಂತು, 2002ರ ಟಿ.ಎಂ.ಎ. ಪೈ ತೀರ್ಪು ಆ ವ್ಯವಸ್ಥೆಯನ್ನೂ ಬಿಚ್ಚಿತು. ಬಸವಲಿಂಗಪ್ಪ ಇದ್ಯಾವುದನ್ನೂ ಪೂರ್ತಿ ನೋಡಲಿಲ್ಲ. 1992ರಲ್ಲೇ ತೀರಿಕೊಂಡರು.

ನಮ್ಮವರೇ ಕಟ್ಟಿದ ಕಾಲೇಜುಗಳ ಬಗ್ಗೆ ಮಾತಾಡಲು ನಮಗೆ ಮುಜುಗರ. ಹೊಗಳಿದರೆ ಫೀಜಿನ ಪಟ್ಟಿ ತೋರಿಸುತ್ತಾರೆ, ತೆಗಳಿದರೆ ಶತ್ರುಗಳ ಕೈಗೆ ಕೋಲು ಕೊಟ್ಟ ಹಾಗೆ. ಸುಮ್ಮನಿರುವುದೇ ಮೇಲು ಅಂತ ಹಿರಿಯರು ತೀರ್ಮಾನಿಸಿದ ಹಾಗಿದೆ. ನಾನು ಒಪ್ಪುವುದಿಲ್ಲ. ಫೀಜಿನ ಮೇಲೆ ನಿಂತ ಯಾವ ಕಾಲೇಜೂ, ಬಾಗಿಲಿಗೆ ಯಾರ ಹೆಸರೇ ಬರೆದಿರಲಿ, ಫೀಜು ಕೊಡುವವನ ಕಡೆಗೇ ಬಾಗುತ್ತದೆ. 2009ರಿಂದ ಈಚೆಗೆ ಸಾರ್ವಜನಿಕ ಆರೋಗ್ಯದ ಸಂಶೋಧಕರು ಕೆ.ಜಿ. ಹಳ್ಳಿಯಲ್ಲಿ ಮನೆ ಮನೆ ಸುತ್ತಿದರು. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗದಲ್ಲಿ 44,500 ಮೀರಿದ ಜನ. ಸಕ್ಕರೆ ಕಾಯಿಲೆ, ಬಿಪಿಯಂಥ ದೀರ್ಘ ಕಾಯಿಲೆಗೆ ಹೆಚ್ಚಿನ ಮನೆಗಳು ಕೈಯಿಂದಲೇ ದುಡ್ಡು ಹಾಕುತ್ತಿದ್ದವು, ಆ ಖರ್ಚಿನಿಂದಲೇ ಬಡತನದ ಗೆರೆಯ ಕೆಳಗೆ ಜಾರುತ್ತಿದ್ದವು. ಅದು ಮೆಡಿಕಲ್ ಕಾಲೇಜು ಇರುವ ಹಳ್ಳಿ. ಇದರಲ್ಲಿ ಒಂದು ಟ್ರಸ್ಟಿನ ತಪ್ಪು ಹುಡುಕುವುದು ಸುಲಭ. ದುಡ್ಡನ್ನು ಎರಡು ಪುಸ್ತಕ ಮಾಡಿ, ಮೂರನೆಯದನ್ನು ಮಾರುಕಟ್ಟೆಗೆ ಬಿಟ್ಟ ಪ್ರಭುತ್ವವನ್ನು ಕೇಳುವುದು ಕಷ್ಟ.

ಪ್ರಭುತ್ವ ಏನು ಮಾಡುತ್ತಿದೆ? 2012ರಲ್ಲಿ ಕರ್ನಾಟಕ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು, 2015ರಿಂದ ಜಾರಿ. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದಿತ್ತು, ತಪ್ಪಿಸಿಕೊಂಡರೆ ದಂಡ, ಮೊದಲ ಕಾಯ್ದೆಯಲ್ಲಿ 15ರಿಂದ 30 ಲಕ್ಷ. ಆಮೇಲೆ ಕೋರ್ಟು, ತಿದ್ದುಪಡಿ ಎಲ್ಲ ಆದವು. ಹಳ್ಳಿಗೆ ಹೋಗುವುದನ್ನು ಶಿಕ್ಷಣದ ಭಾಗ ಮಾಡಲು ಹೊರಟವರು ಅದನ್ನು ಶಿಕ್ಷೆಯ ಭಾಷೆಯಲ್ಲಿ ಬರೆದರು. 2013ರಲ್ಲಿ ಪರಿಶಿಷ್ಟರ ಉಪಯೋಜನೆಯ ಕಾಯ್ದೆ ಬಂತು, ಜನಸಂಖ್ಯೆಯ ಪಾಲಿಗೆ ತಕ್ಕಂತೆ ಶೇ. 24.1 ದುಡ್ಡು ಇಡಬೇಕೆಂದು. ಅದರ 7(ಡಿ) ಎಂಬ ಕಲಮಿನಲ್ಲಿ ಎಲ್ಲರಿಗಾಗಿ ಮಾಡಿದ ಖರ್ಚಿನ ಒಂದು ಭಾಗವನ್ನು ಪರಿಶಿಷ್ಟರಿಗೆ ಮಾಡಿದ್ದೆಂದು 'ಭಾವಿಸಬಹುದು' ಎಂದಿತ್ತು. ಭಾವಿಸುವುದು! ಇದಲ್ಲವೆ ಕಾವ್ಯ? ಆ ಕಲಮು ತೆಗೆಯಲು ಹತ್ತು ವರ್ಷ ಬೇಕಾಯಿತು, ತೆಗೆದದ್ದು 2023ರಲ್ಲಿ. ಪೋಸ್ಟ್ ಮೆಟ್ರಿಕ್ ವೇತನದಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಎಂದು ಗೊತ್ತು ಮಾಡಿದ್ದು 2020ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಕೆಲವು ವರ್ಷ ಇದು ನಿಮ್ಮದು, ಅದು ನಿಮ್ಮದು ಅಂತ ಇಬ್ಬರೂ ತಳ್ಳಾಡಿಕೊಂಡದ್ದನ್ನು ಹಾಸ್ಟೆಲಿನವರನ್ನು ಕೇಳಬೇಕು.

ನನಗೆ ಪರಿಚಯದ ಹುಡುಗನೊಬ್ಬ ಆ ಕಾಲದಲ್ಲೇ ಓದಿದವನು. ಕಾಲೇಜಿನ ಹೆಸರು ಬೇಡ. ಎರಡನೇ ವರ್ಷದ ವೇತನ ಬಂದದ್ದು ಅವನು ಇಂಟರ್ನ್‌ಶಿಪ್ ಮುಗಿಸುವಾಗ. ಫೋನು ಮಾಡಿದ್ದ. 'ಸಾರ್, ದುಡ್ಡು ಬಂತು. ಅವ್ವ ಮಾಡಿದ್ದ ಸಾಲದ ಬಡ್ಡಿಗೆ ಸರಿಹೋಯ್ತು' ಅಂದ. ಬುಕ್ ಬ್ಯಾಂಕಿನ ಪುಸ್ತಕ ಇನ್ನೂ ಅವನ ಜೊತೆಗಾರನ ಹತ್ತಿರವೇ ಇತ್ತು, ವಾಪಸು ಕೊಡದೆ ನೋ ಡ್ಯೂ ಸಿಗುವುದಿಲ್ಲ ಅಂತ ಓಡಾಡುತ್ತಿದ್ದ. ಕಡ್ಡಾಯ ಸೇವೆಗೆ ತನ್ನದೇ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರ ಆರಿಸಿಕೊಂಡ.

'ನಿಮಗೇನಪ್ಪ, ನಿಮ್ಮೂರೇ ಸಿಕ್ತು' ಅಂದೆ.

'ಊರು ನಮ್ದಲ್ಲ ಸಾರ್, ಕೇರಿ ನಮ್ದು. ಊರಿನವರು ಬರ್ತಾರೋ ಇಲ್ವೋ ನೋಡ್ಬೇಕು.'

ತಿಂಗಳಾದ ಮೇಲೆ ಮತ್ತೆ ಫೋನು. ಬರುತ್ತಿದ್ದಾರಂತೆ. ಮೊದಲ ವಾರ ಊರೊಳಗಿನ ಒಬ್ಬರು ಅಜ್ಜಿ ಬಂದರಂತೆ, ಚಳಿಜ್ವರ. ಇವನು ಥರ್ಮಾಮೀಟರು ಹಿಡಿದು ಹತ್ತಿರ ಹೋದರೆ, 'ಅಲ್ಲೇ ಟೇಬಲ್ ಮೇಲೆ ಮಡಗಪ್ಪ, ನಾನೇ ತಕ್ಕತೀನಿ' ಅಂದರಂತೆ. ಇಟ್ಟನಂತೆ. ನೂರಾ ಎರಡು ಇತ್ತಂತೆ. ಮಾತ್ರೆ ಬರೆದು, ಮೂರು ದಿನ ಬಿಟ್ಟು ಬರೋಕೆ ಹೇಳಿ ಕಳಿಸಿದೆ ಸಾರ್ ಅಂದ.